ಯಮಳ ತಾರೆಗಳ ಜಾತಕ

ಬಂಟ್ವಾಳದ ಕಡೆಯ ಮದುವೆಮನೆಗಳಲ್ಲಿ ನಡುಹಗಲಿನ ಹೊತ್ತಿಗೆ ಪುರೋಹಿತರು ವಧೂವರರನ್ನು ಅಂಗಳಕ್ಕೆ ಕರೆತಂದು, ಆಕಾಶದತ್ತ ಕೈತೋರಿ, ಅರುಂಧತಿಯನ್ನು ನೋಡಿರೆಂದು ಹೇಳುವುದುಂಟು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡ ದಂಪತಿಗಳು, ಕಂಡಿತೆಂದು ತಲೆಯಾಡಿಸುತ್ತಾರೆ. ಕಾಣದುದನ್ನು ಕಂಡೆವೆನ್ನುವುದರಿಂದ ಸಂಸಾರ ಆರಂಭವಾಗುವುದೆಂದು ಹಾಸ್ಯಗಾರರು ಹೇಳಿಕೊಳ್ಳಲಿ. ಶಾಸ್ತ್ರವನ್ನು ಮಾಡಿದವರು ಮಾತ್ರ ನವದಂಪತಿಗಳಿಗೆ ತೋರಿಸಲು ತಕ್ಕ ವಸ್ತುವನ್ನೇ ಆರಿಸಿದ್ದಾರೆ. ಸಪ್ತರ್ಷಿಮಂಡಲದ ವಸಿಷ್ಠ ಮತ್ತು ಅದರ ಮಗ್ಗುಲಿನ ಮಸುಕಾದ ಅರುಂಧತಿ ಬರಿಗಣ್ಣಿಗೆ ಎರಡು ಚುಕ್ಕೆಗಳು. ೧೬೧೭ರಲ್ಲಿ ಗೆಲಿಲಿಯೊವಿನ ಶಿಷ್ಯ ಕ್ಯಾಸ್ಟೆಲಿ ದೂರದರ್ಶಕದಿಂದ ನೋಡಿದಾಗ ವಸಿಷ್ಠವೇ ಎರಡಾಗಿ ಕಂಡಿತು. ೧೮೮೯ರಲ್ಲಿ ಹಾರ್ವರ್ಡಿನ ಪಿಕರಿಂಗನು ಆ ಎರಡರಲ್ಲಿ ಒಂದರ ವರ್ಣಪಟಲದ ಗೆರೆಗಳು ಕ್ರಮವಾಗಿ ಇಬ್ಭಾಗವಾಗಿ ಮತ್ತೆ ಒಂದಾಗುವುದನ್ನು ಗಮನಿಸಿ, ಅದೂ ಒಂದು ಜೋಡಿಯೆಂದು ತೋರಿಸಿದನು. ಇನ್ನೊಂದೂ ಜೋಡಿಯೇ ಎಂಬುದು ಮುಂದೆ ತಿಳಿಯಿತು. ೨೦೦೯ರಲ್ಲಿ ಅರುಂಧತಿಯ ಪಕ್ಕದಲ್ಲಿಯೂ ಒಂದು ಮಂದವಾದ ಸಂಗಾತಿ ಪತ್ತೆಯಾಯಿತು. ಹೀಗೆ ನಮ್ಮ ಆದರ್ಶ ದಂಪತಿಗಳು ಆರು ಮಂದಿಯ ಅವಿಭಕ್ತ ಕುಟುಂಬವಾಗಿ ಪರಿಣಮಿಸಿದ್ದಾರೆ!

ಒಂದರ ಸುತ್ತ ಒಂದು ತಿರುಗುವ ಇಂತಹ ಜೋಡಿಗಳಿಗೆ ಯಮಳ ತಾರೆಗಳೆಂದು ಹೆಸರು. ಇವು ಆಕಾಶದ ಅಪರೂಪದ ವಸ್ತುಗಳಲ್ಲ. ಸೂರ್ಯನಂತಹ ನಕ್ಷತ್ರಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಸಂಗಾತಿಗಳಿವೆ. ಅತಿ ಹೆಚ್ಚಿನ ದ್ರವ್ಯರಾಶಿಯ ನೀಲಿ ನಕ್ಷತ್ರಗಳಲ್ಲಿಯಂತೂ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚಿನವು ತಮ್ಮ ಬಾಳಿನಲ್ಲಿ ಎಂದಾದರೊಮ್ಮೆ ಸಂಗಾತಿಯೊಡನೆ ದ್ರವ್ಯದ ಕೊಡುಕೊಳೆಯನ್ನು ನಡೆಸುತ್ತವೆಂದು ೨೦೧೨ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ತೋರಿಸಿತು. ಒಂಟಿ ನಕ್ಷತ್ರದ ಹುಟ್ಟು, ಯೌವನ, ಮುಪ್ಪು, ಸಾವುಗಳನ್ನು ನಮ್ಮ ಪಠ್ಯಪುಸ್ತಕಗಳು ವಿವರಿಸುತ್ತವೆ. ಆದರೆ ಜೋಡಿಯ ಬಾಳು ಎರಡು ಒಂಟಿ ಬಾಳುಗಳ ಮೊತ್ತವಲ್ಲ. ಅದರ ಕಥೆ ಬೇರೆ. ಅದನ್ನು ತಿಳಿಯುವ ಉಪಾಯವೂ ಬೇರೆ.

ಈ ಕಥೆಯ ಮೊದಲ ಸುಳಿವನ್ನು ಕೊಟ್ಟ ನಕ್ಷತ್ರವನ್ನು ನಮ್ಮ ವಾಚಕರು ತಾವೇ ನೋಡಬಹುದು. ಮಳೆಗಾಲ ಕಳೆದು ಡಿಸೆಂಬರಿನ ಆಕಾಶ ತಿಳಿಯಾದಾಗ, ರಾತ್ರಿ ಹತ್ತು ಗಂಟೆಯ ಸುಮಾರಿಗೆ, ಬೆಳ್ತಂಗಡಿಯಂತಹ ಊರಿನಲ್ಲಿ ಪೇಟೆಯ ದೀಪಗಳಿಂದ ಸ್ವಲ್ಪ ದೂರ ಸರಿದು ನಿಲ್ಲಬೇಕು. ನೆತ್ತಿಯ ಸಮೀಪದಲ್ಲಿ ಕೃತ್ತಿಕೆಯ ಗೊಂಚಲು ಕಾಣುವುದು. ಅಲ್ಲಿಂದ ಉತ್ತರಕ್ಕೆ, ತುಸು ಪಶ್ಚಿಮಕ್ಕೆ ವಾಲಿ ನೋಡಿದರೆ ಪರ್ಸಿಯಸ್ ಪುಂಜದಲ್ಲಿ ಆಲ್ಗಾಲ್ ಎಂಬ ನಕ್ಷತ್ರವಿದೆ. ಅರಬ್ಬೀ ಭಾಷೆಯಲ್ಲಿ ಇದು ಪಿಶಾಚಿಯ ತಲೆ. ಸಾಮಾನ್ಯ ದಿನಗಳಲ್ಲಿ ಇದು ಧ್ರುವನಕ್ಷತ್ರದಷ್ಟೇ ಬೆಳಗುವುದು. ಆದರೆ ಪ್ರತಿ ೨ ದಿನ ೨೦ ಗಂಟೆ ೪೯ ನಿಮಿಷಗಳಿಗೊಮ್ಮೆ ಇದರ ಕಾಂತಿ ಕುಗ್ಗಿ ಮೂರರಲ್ಲಿ ಒಂದು ಭಾಗಕ್ಕೆ ಇಳಿದು, ಮತ್ತೆ ಏರುವುದು. ಇಳಿದೇರುವ ಈ ಆಟಕ್ಕೆ ಸುಮಾರು ಹತ್ತು ಗಂಟೆ ಹಿಡಿಯುತ್ತದೆ.

ಇದಕ್ಕೆ ಕಾರಣವನ್ನು ಊಹಿಸಿದವನು ಇಂಗ್ಲೆಂಡಿನ ಯಾರ್ಕ್ ನಗರದ ಜಾನ್ ಗುಡ್‌ರಿಕ್. ಕಿವಿ ಕೇಳದ, ಹದಿನೆಂಟು ವರ್ಷದ ಹುಡುಗ. ೧೭೮೨ರ ನವೆಂಬರಿನಿಂದ ರಾತ್ರಿರಾತ್ರಿ ಬರಿಗಣ್ಣಿನಿಂದ ನೋಡಿ, ಟಿಪ್ಪಣಿ ಬರೆದಿಟ್ಟು, ಕತ್ತಲೆಯ ಕಾಯವೊಂದು ಆಲ್ಗಾಲಿನ ಸುತ್ತ ಸುತ್ತುತ್ತ ಅದನ್ನು ಮರೆಮಾಡುತ್ತಿರಬಹುದೆಂದು ಮರುವರ್ಷ ರಾಯಲ್ ಸೊಸೈಟಿಗೆ ತಿಳಿಸಿದನು. ಸೊಸೈಟಿ ಅವನಿಗೆ ಕೋಪ್ಲೆ ಪದಕವನ್ನು ಕೊಟ್ಟಿತು. ಇಪ್ಪತ್ತೊಂದನೆಯ ವಯಸ್ಸಿಗೇ ಅವನು ತೀರಿಕೊಂಡನು. ಅವನ ಊಹೆ ನಿಜವೆಂದು ವರ್ಣಪಟಲದ ಸಾಕ್ಷ್ಯ ದೊರೆತುದು ನೂರು ವರ್ಷಗಳ ಬಳಿಕ, ೧೮೮೯ರಲ್ಲಿ.

ಆದರೆ ಜೋಡಿಯ ತೂಕವನ್ನು ಅಳೆದಾಗ ಒಂದು ಒಗಟು ಎದುರಾಯಿತು. ಆಲ್ಗಾಲಿನ ಉಜ್ಜ್ವಲವಾದ ನಕ್ಷತ್ರ ಸೂರ್ಯನ ಸುಮಾರು ೩.೨ ಮಡಿ ದ್ರವ್ಯರಾಶಿಯುಳ್ಳದ್ದು. ಅದು ಇನ್ನೂ ತನ್ನ ಒಡಲಿನ ಜಲಜನಕವನ್ನು ಉರಿಸುತ್ತಿರುವ ಯುವಕ. ಅದರ ಮಂದ ಸಂಗಾತಿಯ ದ್ರವ್ಯರಾಶಿ ಸೂರ್ಯನ ೦.೭ ಭಾಗ ಮಾತ್ರ. ಅದಾದರೋ ಒಡಲಿನ ಜಲಜನಕವನ್ನು ಮುಗಿಸಿ ಊದಿಕೊಳ್ಳತೊಡಗಿರುವ ಮುದುಕ. ನಕ್ಷತ್ರಗಳ ಲೋಕದಲ್ಲಿ ಭಾರಿ ಕುಳಗಳೇ ಬೇಗ ಸಾಯುವುವು. ಸೂರ್ಯನ ಮೂರು ಮಡಿ ತೂಗುವ ನಕ್ಷತ್ರ ನೂರು ಕೋಟಿ ವರ್ಷ ಕೂಡ ಯೌವನವನ್ನು ಉಳಿಸಿಕೊಳ್ಳದು, ೦.೭ ಭಾಗ ತೂಗುವುದು ವಿಶ್ವದ ಈವರೆಗಿನ ಆಯುಸ್ಸಿಗಿಂತಲೂ ಹೆಚ್ಚು ಕಾಲ ಬಾಳಬಲ್ಲದು. ಎರಡೂ ಒಟ್ಟಿಗೆ ಹುಟ್ಟಿದವು. ಹಾಗಿದ್ದರೆ ಹಗುರವಾದುದು ಮೊದಲು ಮುಪ್ಪಾದುದು ಹೇಗೆ? ತಮ್ಮನಿಗೆ ತಲೆ ನರೆತು ಅವಳಿ ಅಣ್ಣನಿಗೆ ಮೀಸೆ ಚಿಗುರುತ್ತಿದ್ದಂತೆ!

ಉತ್ತರವನ್ನು ತಿಳಿಯಬೇಕಾದರೆ ಚಾರ್ಮಾಡಿ ಘಾಟಿಯನ್ನು ನೆನೆಯೋಣ. ಬೆಳ್ತಂಗಡಿಯಿಂದ ಘಾಟಿಯನ್ನೇರಿ ಕೊಟ್ಟಿಗೆಹಾರದತ್ತ ಹೋಗುವವರು ಒಂದು ಜಲಾನಯನದ ಗಡಿಯನ್ನು ದಾಟುತ್ತಾರೆ. ಏಣಿನ ಪಡುಗಡೆ ಬಿದ್ದ ಮಳೆಹನಿ ನೇತ್ರಾವತಿಗಿಳಿದು ಬಂಟ್ವಾಳದ ಮೂಲಕ ಅರಬ್ಬೀ ಸಮುದ್ರ ಸೇರುವುದು. ಮೂಡುಗಡೆ ಬಿದ್ದುದು ಹೇಮಾವತಿಯ ಪಾಲಾಗಿ, ಕಾವೇರಿಯೊಡನೆ ಬಂಗಾಳ ಕೊಲ್ಲಿಗೆ ಹೋಗುವುದು. ಎರಡು ನಕ್ಷತ್ರಗಳ ನಡುವೆಯೂ ಗುರುತ್ವಾಕರ್ಷಣೆಯ ಇಂತಹದೊಂದು ಏಣು ಇದೆ. ಪ್ರತಿಯೊಂದು ನಕ್ಷತ್ರಕ್ಕೂ ತನ್ನದೇ ಆದ ಒಂದು ಕಣಿವೆ. ಆ ಕಣಿವೆಯ ಗಡಿ ಕಿವಿಯ ಹಾಲೆಯಂತೆ ಒಂದು ಕಡೆ ಚೂಪಾಗಿರುವುದರಿಂದ, ಅದನ್ನು ವಿವರಿಸಿದ ಫ್ರೆಂಚ್ ಗಣಿತಜ್ಞನ ಹೆಸರಿನಿಂದ ರೋಶ್ ಹಾಲೆ ಎನ್ನುತ್ತಾರೆ. ಎರಡು ಹಾಲೆಗಳ ಚೂಪು ತುದಿಗಳು ಕೂಡುವ ಬಿಂದುವೇ ಘಾಟಿಯ ಕಣಿವೆದಾರಿ. ಏಣಿನಲ್ಲಿ ಅದೇ ಎಲ್ಲಕ್ಕಿಂತ ತಗ್ಗಿನ ಜಾಗ. ನಕ್ಷತ್ರ ಚಿಕ್ಕದಾಗಿರುವಷ್ಟು ಕಾಲ ತನ್ನ ಹಾಲೆಯೊಳಗೆ ಸುಖವಾಗಿರುವುದು. ಮುಪ್ಪಿನಲ್ಲಿ ಊದಿಕೊಂಡು ಹಾಲೆಯನ್ನು ತುಂಬಿತೆಂದರೆ, ೧೯೭೪ರ ನೆರೆಯಲ್ಲಿ ನೇತ್ರಾವತಿ ದಡ ಮೀರಿ ಬಂಟ್ವಾಳದ ಪೇಟೆಗೆ ನುಗ್ಗಿದಂತೆ, ಅದರ ದ್ರವ್ಯ ಆ ತಗ್ಗಿನ ದಾರಿಯಿಂದ ಸಂಗಾತಿಯ ಕಡೆಗೆ ಹರಿಯತೊಡಗುತ್ತದೆ.

೧೯೫೫ರಲ್ಲಿ ಕ್ಯಾಲಿಫೋರ್ನಿಯದ ಜಾನ್ ಕ್ರಾಫರ್ಡ್ ಆಲ್ಗಾಲಿನ ಒಗಟನ್ನು ಹೀಗೆಯೇ ಬಿಡಿಸಿದನು. ಇಂದು ಹಗುರವಾಗಿರುವ ನಕ್ಷತ್ರವೇ ಹುಟ್ಟಿನಲ್ಲಿ ಹಿರಿದಾಗಿತ್ತು. ಅದು ಮೊದಲು ಮುಪ್ಪಾಗಿ, ಊದಿ, ತನ್ನ ಆಸ್ತಿಯ ಬಹುಭಾಗವನ್ನು ಸಂಗಾತಿಗೆ ಸುರಿದುಕೊಟ್ಟಿತು. ಕೊಂಡುದು ಇಂದು ಹಿರಿದಾಗಿದೆ, ಕೊಟ್ಟುದು ಬಡವಾಗಿದೆ.

ಇದು ನಂಬತಕ್ಕ ಮಾತೇ ಎಂಬುದನ್ನು ಕಾಲೇಜು ವಿದ್ಯಾರ್ಥಿಯೊಬ್ಬ ಕಾಗದದ ಮೇಲೆ ಪರೀಕ್ಷಿಸಬಹುದು. ಕೆಪ್ಲರನ ಮೂರನೆಯ ನಿಯಮದಂತೆ, ದ್ರವ್ಯರಾಶಿಗಳ ಮೊತ್ತವನ್ನು ಸೂರ್ಯನ ಮಾನದಲ್ಲಿಯೂ ಅವಧಿಯನ್ನು ವರ್ಷಗಳಲ್ಲಿಯೂ ಇಟ್ಟು, ಮೊತ್ತವನ್ನು ಅವಧಿಯ ವರ್ಗದಿಂದ ಗುಣಿಸಿದರೆ, ಭೂಮಿ-ಸೂರ್ಯರ ದೂರವನ್ನು ಒಂದೆಂದು ಹಿಡಿದ ಮಾನದಲ್ಲಿ, ನಕ್ಷತ್ರಗಳ ನಡುವಣ ದೂರದ ಘನ ದೊರೆಯುತ್ತದೆ. ಮೊತ್ತ ೩.೯, ಅವಧಿ ೨.೮೬೭ ದಿನ, ಎಂದರೆ ೦.೦೦೭೮೫ ವರ್ಷ. ಲೆಕ್ಕ ಮಾಡಿದರೆ ದೂರ ೦.೦೬೨, ಸುಮಾರು ೯೩ ಲಕ್ಷ ಕಿಲೋಮೀಟರು, ಅಥವಾ ಸೂರ್ಯನ ತ್ರಿಜ್ಯದ ೧೩.೩ ಮಡಿ. ಬುಧಗ್ರಹ ಸೂರ್ಯನಿಂದ ಇರುವ ದೂರದ ಆರರಲ್ಲಿ ಒಂದು ಪಾಲಿನೊಳಗೆ ಎರಡು ನಕ್ಷತ್ರಗಳು! ಈಗ ಹಗುರವಾದ ನಕ್ಷತ್ರದ ಹಾಲೆಯ ಗಾತ್ರ ಬೇಕು. ಪೀಟರ್ ಎಗಲ್ಟನ್ ೧೯೮೩ರಲ್ಲಿ ಕೊಟ್ಟ ಸರಳವಾದ ಸೂತ್ರ ಇದಕ್ಕೆ ಒದಗುತ್ತದೆ. ದ್ರವ್ಯರಾಶಿಗಳ ನಿಷ್ಪತ್ತಿ ೦.೨೨ ಆಗಿರುವಲ್ಲಿ, ಹಾಲೆಯ ತ್ರಿಜ್ಯ ನಡುವಣ ದೂರದ ೦.೨೬ ಭಾಗವೆಂದು ಆ ಸೂತ್ರ ಹೇಳುತ್ತದೆ. ೧೩.೩ನ್ನು ೦.೨೬ರಿಂದ ಗುಣಿಸಿದರೆ ಸುಮಾರು ೩.೫. ವೀಕ್ಷಣೆಯಿಂದ ತಿಳಿದುಬಂದ ಆ ನಕ್ಷತ್ರದ ತ್ರಿಜ್ಯವೂ ಸೂರ್ಯನ ಸುಮಾರು ೩.೫ ಮಡಿಯೇ! ಮುದುಕನು ತನ್ನ ಹಾಲೆಯನ್ನು ಅಂಚಿನವರೆಗೆ ತುಂಬಿಕೊಂಡು ನಿಂತಿದ್ದಾನೆ. ಹರಿವು ಇನ್ನೂ ನಿಂತಿಲ್ಲ. ಹತ್ತು ನಿಮಿಷದ ಗುಣಾಕಾರದಿಂದ ಇಷ್ಟು ತಿಳಿಯುವುದಾದರೆ ಗಣಿತವನ್ನು ಬೈಯುವವರು ಸ್ವಲ್ಪ ಯೋಚಿಸಬೇಕು.

ಇನ್ನೊಂದು ಹೆಜ್ಜೆ ಮುಂದಿಡೋಣ. ಹರಿದ ದ್ರವ್ಯವೆಲ್ಲ ಸಂಗಾತಿಯನ್ನೇ ಸೇರಿತು, ಜೋಡಿಯ ಕೋನೀಯ ಸಂವೇಗವೂ ಸೋರಿಹೋಗಲಿಲ್ಲ ಎಂದಿಟ್ಟುಕೊಂಡರೆ, ನಡುವಣ ದೂರವು ಎರಡು ದ್ರವ್ಯರಾಶಿಗಳ ಗುಣಲಬ್ಧದ ವರ್ಗಕ್ಕೆ ವಿಲೋಮ ಪ್ರಮಾಣದಲ್ಲಿರುತ್ತದೆ. ೨.೪ ಮತ್ತು ೧.೫ರ ಜೋಡಿಯೊಂದು ಮೊದಲಿಗಿತ್ತೆನ್ನಿ. ಹಿರಿದು ಕಿರಿದಿಗೆ ಕೊಡುತ್ತ ಹೋದಂತೆ ಮೊದಲು ದೂರ ಕುಗ್ಗುವುದು, ಎರಡೂ ೧.೯೫ಕ್ಕೆ ಸಮನಾದಾಗ ಅತಿ ಸಮೀಪಕ್ಕೆ ಬರುವುವು. ಆಮೇಲೆ ದೂರ ಹಿಗ್ಗತೊಡಗಿ, ೦.೭ ಮತ್ತು ೩.೨ ಆಗುವ ಹೊತ್ತಿಗೆ ಆರಂಭದ ದೂರದ ಎರಡೂವರೆ ಮಡಿಗಿಂತ ಹೆಚ್ಚಾಗಿರುವುದು. ಇದು ಬರಿಯ ಉದಾಹರಣೆ. ನಿಜವಾದ ಆಲ್ಗಾಲಿನ ದ್ರವ್ಯದಲ್ಲಿ ಒಂದಂಶ ಆಕಾಶದ ಪಾಲಾಗಿರಬೇಕು. ನಕ್ಷತ್ರದ ಗಾತ್ರ ತಾನೇ ಕ್ಷಣಕ್ಷಣಕ್ಕೂ ಬದಲಾಗುತ್ತಿರಬೇಕು. ಕಾಗದ ಪೆನ್ಸಿಲುಗಳ ಕೆಲಸ ಇಲ್ಲಿಗೆ ಮುಗಿಯಿತು. ಇಲ್ಲಿಂದ ಮುಂದೆ ಗಣಕಯಂತ್ರ ಬೇಕು.

ಜ್ಯೋತಿಷಿಯು ಹುಟ್ಟಿದ ಹೊತ್ತನ್ನು ಕೇಳಿ ಜಾತಕವನ್ನು ಬರೆಯುತ್ತಾನೆ. ಖಗೋಳಜ್ಞನು ಕೇಳುವುದು ನಾಲ್ಕೈದು ಸಂಖ್ಯೆಗಳನ್ನು: ಹುಟ್ಟಿನಲ್ಲಿ ಎರಡು ನಕ್ಷತ್ರಗಳ ದ್ರವ್ಯರಾಶಿಗಳೆಷ್ಟು, ಅವುಗಳ ಸುತ್ತಿನ ಅವಧಿಯೆಷ್ಟು, ಪಥ ಎಷ್ಟು ಉದ್ದುದ್ದವಾಗಿದೆ, ಅವುಗಳಲ್ಲಿ ಜಲಜನಕ ಹೀಲಿಯಂಗಳಿಗಿಂತ ಭಾರವಾದ ಮೂಲವಸ್ತುಗಳ ಅಂಶವೆಷ್ಟು. ಉಳಿದುದು ಭೌತಶಾಸ್ತ್ರದ ಕೆಲಸ. ನಕ್ಷತ್ರವನ್ನು ಈರುಳ್ಳಿಯಂತೆ ನೂರಾರು ಸಾವಿರಾರು ಸಿಪ್ಪೆಗಳಾಗಿ ವಿಭಾಗಿಸಿ, ಪ್ರತಿಯೊಂದರಲ್ಲಿಯೂ ಒತ್ತಡ ಗುರುತ್ವಗಳು ತೂಗಿ ನಿಂತಿವೆಯೇ, ಎಷ್ಟು ಶಾಖ ಹುಟ್ಟುತ್ತದೆ, ಅದು ಹೊರಗೆ ಸಾಗುವ ಬಗೆ ಯಾವುದು ಎಂಬ ಸಮೀಕರಣಗಳನ್ನು ಬಿಡಿಸಬೇಕು. ಬಳಿಕ ಕಾಲದಲ್ಲಿ ಒಂದು ಹೆಜ್ಜೆ ಮುಂದಿಟ್ಟು ಮತ್ತೆ ಎಲ್ಲವನ್ನೂ ಬಿಡಿಸಬೇಕು. ಜೋಡಿಯಾದರೆ ಎರಡು ಈರುಳ್ಳಿಗಳು. ಜೊತೆಗೆ ಪಥದ ಲೆಕ್ಕ. ಜರ್ಮನಿಯ ಕಿಪನ್‌ಹಾನ್ ಮತ್ತು ವೈಗರ್ಟರು ೧೯೬೭ರಲ್ಲಿ ಗಣಕಯಂತ್ರದಿಂದ ಇಂತಹ ಲೆಕ್ಕವನ್ನು ಮಾಡಿ, ಆಲ್ಗಾಲಿನಂತಹ ಜೋಡಿಗಳು ನಿಜವಾಗಿಯೂ ಹಾಗೆಯೇ ಉಂಟಾಗಬಲ್ಲವೆಂದು ತೋರಿಸಿದರು. ಪೋಲೆಂಡಿನ ಪಚಿನ್‌ಸ್ಕಿ ಮೊದಲಾದವರೂ ಅದೇ ಕಾಲದಲ್ಲಿ ಈ ಕೆಲಸದಲ್ಲಿ ತೊಡಗಿದ್ದರು. ಆಗ ಇಂತಹ ಲೆಕ್ಕ ನಡೆಯುತ್ತಿದ್ದುದು ಪ್ರಪಂಚದ ಕೆಲವೇ ಸಂಸ್ಥೆಗಳಲ್ಲಿ. ಗಣಕಯಂತ್ರಕ್ಕೆ ಬರೆದ ಆದೇಶಗಳ ಸರಣಿ, ಎಂದರೆ ತಂತ್ರಾಂಶ, ಬರೆದವರ ಕಪಾಟಿನಲ್ಲಿರುತ್ತಿತ್ತು.

ಇಲ್ಲಿ ಸ್ವಲ್ಪ ಮೂಡುಬಿದಿರೆಗೆ ಹೋಗಿಬರೋಣ. ಸಾವಿರ ಕಂಬದ ಬಸದಿಯನ್ನು ನೋಡಲು ಹೋಗುವವರಲ್ಲಿ ಅನೇಕರು ಅಲ್ಲಿಯ ಗುರುಬಸದಿಯ ಇನ್ನೊಂದು ನಿಧಿಯನ್ನು ಅರಿಯರು. ಷಟ್‌ಖಂಡಾಗಮಕ್ಕೆ ಒಂಬತ್ತನೆಯ ಶತಮಾನದಲ್ಲಿ ವೀರಸೇನಾಚಾರ್ಯರು ಬರೆದ ಧವಲಾ ಎಂಬ ವ್ಯಾಖ್ಯಾನ, ಅದರೊಡನೆ ಜಯಧವಲಾ, ಮಹಾಧವಲಾ ಗ್ರಂಥಗಳು, ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಶತಮಾನಗಳ ಕಾಲ ಈ ಊರಿನಲ್ಲಿ ಉಳಿದುಬಂದುವು. ಯಾತ್ರಿಕರು ಅವುಗಳ ದರ್ಶನ ಪಡೆದು ಕೈಮುಗಿಯುತ್ತಿದ್ದರು, ಓದುವವರಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸ ಆರಂಭವಾಗಿ, ದಶಕಗಳ ಬಳಿಕ, ೧೯೩೯ರಿಂದ, ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲಾ ಅಚ್ಚಾಗಿ ಹೊರಬಂದಿತು. ಮೊದಲ ಸಂಪುಟಗಳು ಪ್ರತಿಯ ಪ್ರತಿಗಳಿಂದ ಸಿದ್ಧವಾದುವು. ಮುಂದೆ ಮೂಡುಬಿದಿರೆಯ ಮೂಲ ಗರಿಗಳೊಡನೆ ಹೋಲಿಸಿ ಪಾಠಗಳನ್ನು ತಿದ್ದಲಾಯಿತು. ಅಚ್ಚಾದ ಮೇಲೆ ಗಣಿತದ ಚರಿತ್ರಕಾರರಿಗೆ ಒಂದು ಆಶ್ಚರ್ಯ ಕಾದಿತ್ತು. ಒಂದು ಸಂಖ್ಯೆಯನ್ನು ಎಷ್ಟು ಬಾರಿ ಅರ್ಧಿಸಬಹುದು ಎಂಬುದಕ್ಕೆ ವೀರಸೇನರು ಅರ್ಧಚ್ಛೇದವೆಂಬ ಹೆಸರಿಟ್ಟು, ಅದರ ನಿಯಮಗಳನ್ನು ಬಳಸಿದ್ದರು. ಎರಡನ್ನು ಆಧಾರವಾಗಿ ಹಿಡಿದ ಲಾಗರಿತಮ್ ಎಂದು ನಾವು ಇಂದು ಕರೆಯುವುದು ಅದನ್ನೇ.

ಕಪಾಟಿನಲ್ಲಿದ್ದ ಗ್ರಂಥ ಓದುವವರ ಕೈಗೆ ಬಂದಂತೆ, ನಕ್ಷತ್ರಗಳ ತಂತ್ರಾಂಶವೂ ಈ ಶತಮಾನದಲ್ಲಿ ಹೊರಗೆ ಬಂದಿತು. ತಂತ್ರಾಂಶವನ್ನು ಎರಡು ರೀತಿಯಲ್ಲಿ ಕೊಡಬಹುದು. ಬಡಿಸಿದ ಅಡುಗೆಯಂತೆ, ಯಂತ್ರ ಮಾತ್ರ ಅರಿಯಬಲ್ಲ ರೂಪದಲ್ಲಿ ಕೊಡುವುದು ಒಂದು. ಅಡುಗೆಯ ಕ್ರಮವನ್ನೇ ಬರೆದುಕೊಟ್ಟಂತೆ, ಮನುಷ್ಯನು ಓದಬಲ್ಲ ಮೂಲಪಾಠವನ್ನು, ಓದಲು ತಿದ್ದಲು ಹಂಚಲು ಅನುಮತಿಯೊಡನೆ ಕೊಡುವುದು ಇನ್ನೊಂದು. ಎರಡನೆಯದೇ ಮುಕ್ತ ತಂತ್ರಾಂಶ. ಕೇಂಬ್ರಿಜ್ಜಿನಲ್ಲಿ ಬೆಳೆದ ಕೆಲಸದ ಫಲವಾಗಿ ಹರ್ಲಿ, ಟೌಟ್ ಮತ್ತು ಪೋಲ್ಸ್ ಎಂಬವರು ೨೦೦೨ರಲ್ಲಿ ಬಿ.ಎಸ್.ಇ. ಎಂಬ ಯಮಳ ತಾರೆಗಳ ತಂತ್ರಾಂಶವನ್ನು ಪ್ರಕಟಿಸಿದರು. ಇದು ಸಿಪ್ಪೆಸಿಪ್ಪೆಯನ್ನೂ ಬಿಡಿಸಲು ಹೋಗುವುದಿಲ್ಲ. ಮೊದಲೇ ಲೆಕ್ಕ ಮಾಡಿದ ಒಂಟಿ ನಕ್ಷತ್ರಗಳ ಬಾಳನ್ನು ಸೂತ್ರಗಳಲ್ಲಿ ಅಡಕಗೊಳಿಸಿಕೊಂಡು, ಒಂದು ಜೋಡಿಯ ಹುಟ್ಟಿನಿಂದ ಸಾವಿನವರೆಗಿನ ಕಥೆಯನ್ನು ಸೆಕೆಂಡಿನ ಒಂದಂಶದಲ್ಲಿ ಹೇಳಿಬಿಡುತ್ತದೆ. ಲಕ್ಷಗಟ್ಟಲೆ ಜೋಡಿಗಳ ಒಂದು ಜನಗಣತಿಯನ್ನೇ ಮನೆಯ ಕಂಪ್ಯೂಟರಿನಲ್ಲಿ ಮಾಡಲು ಇದರಿಂದ ಸಾಧ್ಯವಾಯಿತು. ಕಾಂಪಸ್, ಕಾಸ್ಮಿಕ್ ಎಂಬ ಈಚಿನ ಮುಕ್ತ ತಂತ್ರಾಂಶಗಳು ಈ ಮನೆತನದವೇ.

ಮೆಸಾ ಎಂಬುದು ಇದಕ್ಕೆ ವ್ಯತಿರಿಕ್ತವಾದ ಸ್ವಭಾವದ್ದು. ಬಿಲ್ ಪ್ಯಾಕ್ಸ್‌ಟನ್ ಎಂಬ ಕಂಪ್ಯೂಟರ್ ತಜ್ಞನು, ಅಡೋಬಿ ಕಂಪೆನಿಯ ಕೆಲಸದಿಂದ ಬಿಡುವಾದ ಮೇಲೆ ನಕ್ಷತ್ರಗಳಿಗೆ ಮನಸೋತು ಇದರ ರಚನೆಯಲ್ಲಿ ತೊಡಗಿದನು. ಇದನ್ನು ವಿವರಿಸುವ ಮೊದಲ ಲೇಖನ ೨೦೧೧ರಲ್ಲಿ ಬಂದಿತು; ೨೦೧೫ರ ಲೇಖನದಲ್ಲಿ ಎರಡು ನಕ್ಷತ್ರಗಳನ್ನು ಒಟ್ಟಿಗೆ ಬೆಳೆಸುವ ವಿಧಾನವನ್ನು ವಿವರಿಸಲಾಯಿತು. ಮೆಸಾ ಪ್ರತಿಯೊಂದು ಸಿಪ್ಪೆಯನ್ನೂ ಬಿಡಿಸುವುದು. ಆದುದರಿಂದ ಒಂದು ಜೋಡಿಗೆ ಗಂಟೆಗಳು, ಕೆಲವೊಮ್ಮೆ ದಿನಗಳು ಹಿಡಿಯಬಹುದು. ಕಾಲದ ಹೆಜ್ಜೆ ದೊಡ್ಡದಾಗಿ ಸಮೀಕರಣಗಳು ಕೂಡಿಬರದಿದ್ದರೆ ಅದು ಹಿಂದೆ ಸರಿದು, ಹೆಜ್ಜೆಯನ್ನು ಕಿರಿದುಮಾಡಿ ಮತ್ತೆ ಯತ್ನಿಸುತ್ತದೆ. ಸಾವಿರ ವರ್ಷದ ಹೆಜ್ಜೆಯನ್ನು ಅರ್ಧಿಸುತ್ತ ಹೋಗಿ ಒಂದು ವರ್ಷಕ್ಕೆ ಇಳಿಸಲು ಹತ್ತು ಬಾರಿ ಅರ್ಧಿಸಿದರೆ ಸಾಕು. ೧೦೨೪ರ ಅರ್ಧಚ್ಛೇದ ಹತ್ತು. ಮೂಡುಬಿದಿರೆಯ ಗರಿಗಳಲ್ಲಿ ಮಲಗಿದ್ದ ಮಾತು ಯಂತ್ರದ ಒಳಗೆ ಹೀಗೆ ಮತ್ತೆ ಕಾಣಿಸಿಕೊಳ್ಳುತ್ತದೆ. ಒಂದು ಇನ್ನೊಂದರಿಂದ ಹುಟ್ಟಿತೆಂದು ನಾನು ಹೇಳುತ್ತಿಲ್ಲ. ಅಂತಹ ಹೆಮ್ಮೆ ನಮಗೆ ಬೇಕಾಗಿಯೂ ಇಲ್ಲ.

ನಮ್ಮ ನಾಡಿನವರು ಈ ವಿಷಯದಲ್ಲಿ ಬರಿಯ ವಾಚಕರಾಗಿ ಉಳಿದಿಲ್ಲ. ೧೯೮೨ರಲ್ಲಿ ಅಮೆರಿಕದ ಬರ್ಕ್ಲಿಯ ಡೊನಾಲ್ಡ್ ಬ್ಯಾಕರ್, ಆಗ ಅಲ್ಲಿ ವಿದ್ಯಾರ್ಥಿಯಾಗಿದ್ದ, ಹುಬ್ಬಳ್ಳಿಯಲ್ಲಿ ಬೆಳೆದ ಶ್ರೀನಿವಾಸ ಕುಲಕರ್ಣಿ ಮತ್ತು ಸಂಗಡಿಗರು ಸೆಕೆಂಡಿಗೆ ೬೪೨ ಬಾರಿ ತಿರುಗುವ ಪಲ್ಸಾರೊಂದನ್ನು ಕಂಡುಹಿಡಿದರು. ಪಲ್ಸಾರ್ ಎಂದರೆ ಸೂರ್ಯನಷ್ಟು ದ್ರವ್ಯ ಇಪ್ಪತ್ತು ಕಿಲೋಮೀಟರು ಅಡ್ಡಳತೆಯ ಗೋಲದೊಳಗೆ ಅಡಕವಾದ ನ್ಯೂಟ್ರಾನ್ ನಕ್ಷತ್ರ. ಪಲ್ಸಾರುಗಳು ಹುಟ್ಟಿನಲ್ಲಿ ವೇಗವಾಗಿ ತಿರುಗಿ, ವಯಸ್ಸಾದಂತೆ ನಿಧಾನಗೊಳ್ಳುವುವು. ಇದಾದರೋ ಎಲ್ಲಕ್ಕಿಂತ ವೇಗವಾಗಿದ್ದರೂ ಎಳೆಯದೆಂಬುದಕ್ಕೆ ಯಾವ ಗುರುತೂ ಇರಲಿಲ್ಲ. ಅದರ ಕಾಂತಕ್ಷೇತ್ರ ಬಹಳ ದುರ್ಬಲ. ಅದೇ ವರ್ಷ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯ ವಿ. ರಾಧಾಕೃಷ್ಣನ್ ಮತ್ತು ಜಿ. ಶ್ರೀನಿವಾಸನ್, ಬೆಂಗಳೂರಿನಿಂದಲೇ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ವಿವರಣೆಯನ್ನು ಕೊಟ್ಟರು. ಇದು ಮುದಿ ಪಲ್ಸಾರು; ಒಂದು ಕಾಲದಲ್ಲಿ ಜೋಡಿಯಲ್ಲಿತ್ತು; ಊದಿಕೊಂಡ ಸಂಗಾತಿಯಿಂದ ಸುರಿದ ದ್ರವ್ಯವು ತನ್ನ ಕೋನೀಯ ಸಂವೇಗವನ್ನೂ ಹೊತ್ತುತಂದು, ನಿಂತುಹೋಗುತ್ತಿದ್ದ ಬುಗುರಿಯನ್ನು ಚಾಟಿಯಿಂದ ಹೊಡೆದಂತೆ ಮತ್ತೆ ತಿರುಗಿಸಿತು ಎಂಬುದು ಅವರ ವಾದ. ಅಮೆರಿಕದ ಇನ್ನೊಂದು ತಂಡವೂ ಅದೇ ವರ್ಷ ಸ್ವತಂತ್ರವಾಗಿ ಈ ವಿಚಾರವನ್ನೇ ಮಂಡಿಸಿತು. ಆ ಪಲ್ಸಾರಿಗೆ ಈಗ ಸಂಗಾತಿಯಿಲ್ಲ ಎಂಬುದು ನಿಜ. ಆದರೆ ೧೯೮೮ರಲ್ಲಿ, ತನ್ನ ಸಂಗಾತಿಯನ್ನು ವಿಕಿರಣದಿಂದ ಸುಟ್ಟು ಆವಿಮಾಡುತ್ತಿರುವ ಪಲ್ಸಾರೊಂದು ಸಿಕ್ಕಿತು. ೧೯೯೮ರಲ್ಲಿ, ಸಂಗಾತಿಯ ದ್ರವ್ಯವನ್ನು ನುಂಗುತ್ತಲೇ ಸೆಕೆಂಡಿಗೆ ೪೦೧ ಬಾರಿ ತಿರುಗುತ್ತ ಕ್ಷಕಿರಣಗಳನ್ನು ಮಿಡಿಯುವ ನ್ಯೂಟ್ರಾನ್ ನಕ್ಷತ್ರವನ್ನು ಕಂಡಾಗ, ಚಾಟಿ ಬೀಸುವ ಕೈಯೇ ಸಿಕ್ಕಿಬಿದ್ದಂತಾಯಿತು.

ಇನ್ನೊಂದು ಸಾಕ್ಷ್ಯ ನಮ್ಮದೇ ಉಪಗ್ರಹದಿಂದ ಬಂದಿತು. ಒಂದೇ ಕಾಲದಲ್ಲಿ ಹುಟ್ಟಿದ ನಕ್ಷತ್ರಗುಚ್ಛಗಳಲ್ಲಿ ಕೆಲವು ನಕ್ಷತ್ರಗಳು ಓರಗೆಯವೆಲ್ಲ ಮುಪ್ಪಾದರೂ ನೀಲಿಯಾಗಿ, ಯುವಕರಂತೆ ಬೆಳಗುತ್ತವೆ. ೨೦೧೫ರ ಸೆಪ್ಟೆಂಬರ್ ೨೮ರಂದು ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಹೊಸಕೋಟೆಯ ಆವರಣದಲ್ಲಿ ಜೋಡಿಸಿದ ನೇರಿಳಾತೀತ ದೂರದರ್ಶಕವಿದೆ. ಅನ್ನಪೂರ್ಣಿ ಸುಬ್ರಮಣಿಯಂ ಮತ್ತು ಸಂಗಡಿಗರು ಅದರಿಂದ ೨೦೧೬ರಲ್ಲಿ ಎನ್‌ಜಿಸಿ ೧೮೮ ಎಂಬ ಗುಚ್ಛದ ಇಂತಹ ನೀಲಿ ನಕ್ಷತ್ರವೊಂದರ ಪಕ್ಕದಲ್ಲಿ ಅತ್ಯುಷ್ಣವಾದ ಸಂಗಾತಿಯನ್ನು ಕಂಡರು. ೨೦೧೯ರಲ್ಲಿ ಎಂ ೬೭ ಗುಚ್ಛದಲ್ಲಿ, ನೀಲಿ ನಕ್ಷತ್ರವೊಂದರ ಮಗ್ಗುಲಲ್ಲಿ, ಸೂರ್ಯನ ಐದರಲ್ಲಿ ಒಂದು ಪಾಲಿನಷ್ಟೇ ದ್ರವ್ಯರಾಶಿಯ ಶ್ವೇತಕುಬ್ಜ ಸಿಕ್ಕಿತು. ಒಂಟಿ ನಕ್ಷತ್ರವೊಂದು ತಾನಾಗಿ ಇಷ್ಟು ಹಗುರವಾದ ಶ್ವೇತಕುಬ್ಜವಾಗಲು ವಿಶ್ವದ ವಯಸ್ಸೂ ಸಾಲದು. ಅದರ ಹೊದಿಕೆಯನ್ನು ಯಾರೋ ಸೆಳೆದುಕೊಂಡಿರಬೇಕು. ಸೆಳೆದುಕೊಂಡವನು ಪಕ್ಕದಲ್ಲಿಯೇ, ಹೊಸ ಯೌವನದಿಂದ ಹೊಳೆಯುತ್ತ ನಿಂತಿದ್ದಾನೆ.

ಇಷ್ಟನ್ನು ಓದಿ, ತಂತ್ರಾಂಶಕ್ಕೆ ಸಂಖ್ಯೆಗಳನ್ನು ಕೊಟ್ಟರೆ ಸತ್ಯವೇ ಹೊರಬರುವುದೆಂದು ವಿದ್ಯಾರ್ಥಿಗಳು ನಂಬಬಾರದು. ಕಷ್ಟವಿರುವುದು ನೆರೆ ಹದ್ದುಮೀರುವ ಕಡೆ. ದೈತ್ಯವಾಗಿ ಊದಿದ ನಕ್ಷತ್ರವೊಂದು ದ್ರವ್ಯವನ್ನು ಕಳೆದುಕೊಂಡಷ್ಟೂ ಇನ್ನೂ ಊದುವುದಾದರೆ, ಹರಿವು ತಡೆಯಿಲ್ಲದೆ ಹೆಚ್ಚಿ, ಸಂಗಾತಿ ಅದನ್ನು ನುಂಗಲಾರದೆ, ಎರಡೂ ಒಂದೇ ಹೊದಿಕೆಯೊಳಗೆ ಮುಳುಗಿಬಿಡುತ್ತವೆ. ಒಳಗೆ ಅವು ಸುರುಳಿಯಾಗಿ ಸಮೀಪಿಸುತ್ತವೆ. ಬಿಡುಗಡೆಯಾದ ಶಕ್ತಿ ಸಾಕಾದರೆ ಹೊದಿಕೆ ಹಾರಿಹೋಗಿ ಬಿಗಿಯಾದ ಜೋಡಿ ಉಳಿಯುವುದು. ಸಾಲದಾದರೆ ಎರಡೂ ಕೂಡಿ ಒಂದಾಗುವುವು. ಪಚಿನ್‌ಸ್ಕಿ ೧೯೭೬ರಲ್ಲಿ ಸೂಚಿಸಿದ ಈ ಸಮಾನ ಹೊದಿಕೆಯ ಹಂತವನ್ನು ಮೊದಲ ತತ್ತ್ವಗಳಿಂದ ಪೂರ್ಣವಾಗಿ ಲೆಕ್ಕಹಾಕುವುದು ಇನ್ನೂ ಸಾಧ್ಯವಾಗಿಲ್ಲ. ಬಿಡುಗಡೆಯಾದ ಶಕ್ತಿಯಲ್ಲಿ ಎಷ್ಟು ಪಾಲು ಹೊದಿಕೆಯನ್ನು ಹಾರಿಸಲು ಸಲ್ಲುತ್ತದೆಂಬುದನ್ನು ಆಲ್ಫಾ ಎಂಬ ಒಂದು ಸಂಖ್ಯೆಯಾಗಿ, ತಂತ್ರಾಂಶವನ್ನು ನಡೆಸುವವನೇ ಕೊಡಬೇಕು. ೨೦೧೫ರ ಸೆಪ್ಟೆಂಬರ್ ೧೪ರಂದು ಮೊದಲ ಬಾರಿ ಸಿಕ್ಕ ಗುರುತ್ವದ ಅಲೆಗಳು, ಸೂರ್ಯನ ಸುಮಾರು ೩೬ ಮತ್ತು ೨೯ ಮಡಿಯ ಎರಡು ಕಪ್ಪುಕುಳಿಗಳ ಕೂಡುವಿಕೆಯಿಂದ ಹುಟ್ಟಿದವು. ಅಂತಹ ಜೋಡಿಗಳು ವಿಶ್ವದಲ್ಲಿ ಎಷ್ಟೆಂದು ತಂತ್ರಾಂಶವನ್ನು ಕೇಳಿದರೆ, ಆಲ್ಫಾ ಮೊದಲಾದ ಊಹೆಗಳನ್ನು ಬದಲಿಸಿದಂತೆ ಉತ್ತರ ಹಲವು ಮಡಿ ಏರಿಳಿಯುತ್ತದೆ. ಮೂಲಪಾಠವನ್ನು ಓದದವನಿಗೆ ಉತ್ತರದಲ್ಲಿ ಯಾವುದು ಭೌತಶಾಸ್ತ್ರ, ಯಾವುದು ಊಹೆ ಎಂಬುದೇ ತಿಳಿಯದು. ಮುಕ್ತ ತಂತ್ರಾಂಶದ ಬೆಲೆ ಅದು ಪುಕ್ಕಟೆ ಎಂಬುದರಲ್ಲಿಲ್ಲ, ಇಲ್ಲಿದೆ ಎಂದು ನನ್ನ ಅಭಿಪ್ರಾಯ.

ಪ್ರತಿಕಾರನ ಒಂದು ತಪ್ಪು ಏನು ಮಾಡಬಲ್ಲದೆಂಬುದಕ್ಕೆ ಈಚಿನ ಒಂದು ಪ್ರಸಂಗ ಸ್ವಾರಸ್ಯಕರವಾಗಿದೆ. ೨೦೦೮ರಲ್ಲಿ ವೃಶ್ಚಿಕ ಪುಂಜದಲ್ಲಿ ನಕ್ಷತ್ರವೊಂದು ಹಠಾತ್ತಾಗಿ ಉಜ್ಜ್ವಲಿಸಿತು. ಹಳೆಯ ವೀಕ್ಷಣೆಗಳನ್ನು ತೆರೆದು ನೋಡಿದಾಗ, ಅದು ಒಂದಕ್ಕೊಂದು ತಗುಲಿಕೊಂಡ ಜೋಡಿಯಾಗಿತ್ತೆಂದೂ, ಅದರ ಅವಧಿ ವರ್ಷವರ್ಷಕ್ಕೂ ಹೆಚ್ಚುಹೆಚ್ಚಾಗಿ ಕುಗ್ಗುತ್ತ ಬಂದಿತ್ತೆಂದೂ ತಿಳಿಯಿತು. ಜೋಡಿ ಕೂಡಿ ಒಂದಾದುದನ್ನು ಮನುಷ್ಯ ಮೊದಲ ಬಾರಿ ಹೀಗೆ ಗುರುತಿಸಿದನು. ಇದರಿಂದ ಉತ್ಸಾಹಗೊಂಡ ಅಮೆರಿಕದ ಖಗೋಳಜ್ಞರು, ಕೆಐಸಿ ೯೮೩೨೨೨೭ ಎಂಬ ಇನ್ನೊಂದು ಜೋಡಿಯ ಅವಧಿಯೂ ಹಾಗೆಯೇ ಕುಗ್ಗುತ್ತಿರುವುದನ್ನು ಕಂಡು, ಅದು ೨೦೨೨ರ ಸುಮಾರಿಗೆ ಸ್ಫೋಟಿಸಿ ಬರಿಗಣ್ಣಿಗೂ ಕಾಣುವುದೆಂದು ೨೦೧೭ರಲ್ಲಿ ಸಾರಿದರು. ಪತ್ರಿಕೆಗಳು ಈ ಸುದ್ದಿಯನ್ನು ಲೋಕಕ್ಕೆಲ್ಲ ಹಬ್ಬಿಸಿದುವು. ೨೦೧೮ರಲ್ಲಿ ಬೇರೊಂದು ತಂಡ ಹಳೆಯ ಅಂಕಿಗಳನ್ನೆಲ್ಲ ಮತ್ತೆ ಪರೀಕ್ಷಿಸಿತು. ೧೯೯೯ರ ವೀಕ್ಷಣೆಗಳ ಹೊತ್ತನ್ನು ಹೇಳುವಲ್ಲಿ ೧೨ ಗಂಟೆಗಳ ವ್ಯತ್ಯಾಸವಿತ್ತು. ಲೇಖನವೊಂದರ ಅಚ್ಚಿನ ತಪ್ಪೇ ಅದಕ್ಕೆ ಕಾರಣ. ಅದನ್ನು ತಿದ್ದಿದೊಡನೆ ಸ್ಫೋಟ ಲೆಕ್ಕದಿಂದ ಮಾಯವಾಯಿತು. ಮೊದಲು ಸಾರಿದವರು ತಮ್ಮ ತಪ್ಪನ್ನು ಒಪ್ಪಿಕೊಂಡರು. ೨೦೨೨ ಸದ್ದಿಲ್ಲದೆ ಕಳೆಯಿತು. ಅಂಕಿಗಳು ಎಲ್ಲರಿಗೂ ತೆರೆದಿದ್ದುದರಿಂದ ಎರಡು ವರ್ಷಗಳೊಳಗೆ ತಪ್ಪು ಹೊರಬಿತ್ತು. ಧವಲಾದ ಸಂಪಾದಕರು ಮೂಲ ಗರಿಗಳೊಡನೆ ಪ್ರತಿಯನ್ನು ಹೋಲಿಸಲು ಎಷ್ಟು ಕಾದಿದ್ದರೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು.

ನಮ್ಮ ಮೂರು ಊರುಗಳ ವಿದ್ಯಾರ್ಥಿಗೆ ದೊಡ್ಡ ದೂರದರ್ಶಕವಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಆಕಾಶವೂ ಇಲ್ಲ. ಘಟ್ಟದ ಬುಡದಲ್ಲಿ ಆಟಿ ತಿಂಗಳ ಮಳೆ ಹಿಡಿದರೆ ವಾರಗಟ್ಟಲೆ ಒಂದು ನಕ್ಷತ್ರವೂ ಕಾಣದು. ಆದರೆ ಬಿ.ಎಸ್.ಇ.ಯನ್ನು ನಡೆಸಲು ಸಾಮಾನ್ಯವಾದ ಕಂಪ್ಯೂಟರು ಸಾಕು. ಫೋರ್ಟ್ರಾನ್ ಭಾಷೆಯ ಅದರ ಮೂಲಪಾಠವನ್ನು ಕಾಲೇಜಿನ ಗಣಿತ ಬಲ್ಲವನು ಕೆಲವು ವಾರಗಳ ಶ್ರಮದಿಂದ ಓದಬಲ್ಲನು. ಮೊದಲು ೨.೪ ಮತ್ತು ೧.೫ರ ಜೋಡಿಯನ್ನು ಕೊಟ್ಟು, ಅವಧಿಯನ್ನು ಒಂದು ದಿನದಿಂದ ಹತ್ತು ದಿನಗಳವರೆಗೆ ಬದಲಿಸುತ್ತ ಹೋಗಲಿ. ಯಾವ ಅವಧಿಗಳಲ್ಲಿ ಆಲ್ಗಾಲಿನಂತಹ ಜೋಡಿ ಉಂಟಾಗುವುದು, ಯಾವುವುಗಳಲ್ಲಿ ಎರಡೂ ಸೇರಿ ಒಂದಾಗುವುವು ಎಂಬುದನ್ನು ಪಟ್ಟಿ ಮಾಡಲಿ. ದ್ರವ್ಯ ಸೋರಿಹೋಗುವ ಪ್ರಮಾಣವನ್ನು ಬದಲಿಸಿದರೆ ಪಟ್ಟಿ ಹೇಗೆ ಮಾರ್ಪಡುವುದೆಂದು ನೋಡಲಿ. ಬಳಿಕ ಅದೇ ಜೋಡಿಗಳಲ್ಲಿ ಎರಡು ಮೂರನ್ನು ಮೆಸಾದಲ್ಲಿ ನಡೆಸಿ, ಎರಡು ತಂತ್ರಾಂಶಗಳು ಎಲ್ಲಿ ಜಗಳವಾಡುತ್ತವೆಂದು ಗುರುತುಹಾಕಿಕೊಳ್ಳಲಿ. ಕರೆಂಟು ಹೋದಾಗ ಹಾಳಾಗದಂತೆ ನಡುನಡುವೆ ಲೆಕ್ಕವನ್ನು ಉಳಿಸಿಡುವ ಏರ್ಪಾಡು ಮೆಸಾದಲ್ಲಿದೆ. ನಮ್ಮ ಕಡೆಯ ಮಳೆಗಾಲವನ್ನು ಬಲ್ಲವರು ಮೊದಲು ಅದನ್ನೇ ಕಲಿಯತಕ್ಕದ್ದು.

ಡಿಸೆಂಬರು ಬಂದೊಡನೆ ಯಂತ್ರವನ್ನು ಮುಚ್ಚಿ ಹೊರಗೆ ಬರಬೇಕು. ಬೆಳ್ತಂಗಡಿಯಲ್ಲಿದ್ದರೆ ಗಡಾಯಿಕಲ್ಲಿನ ಕಡೆಗೆ ಮುಖಮಾಡಿ ನಿಂತು, ಉತ್ತರದ ಆಕಾಶದಲ್ಲಿ ಎತ್ತರಕ್ಕೆ ಕಣ್ಣೆತ್ತಿ ಆಲ್ಗಾಲನ್ನು ಹುಡುಕಬೇಕು. ಅರ್ಧ ಗಂಟೆಗೊಮ್ಮೆ ಅದರ ಕಾಂತಿಯನ್ನು ನೆರೆಯ ನಕ್ಷತ್ರಗಳೊಡನೆ ಹೋಲಿಸಿ ಪುಸ್ತಕದಲ್ಲಿ ಬರೆದಿಡಬೇಕು. ಒಮ್ಮೆ ಅತಿ ಮಂದವಾದ ಹೊತ್ತು ಸಿಕ್ಕಿತೆಂದರೆ, ಅದಕ್ಕೆ ೨ ದಿನ ೨೦ ಗಂಟೆ ೪೯ ನಿಮಿಷ ಕೂಡಿಸಿದರೆ ಮುಂದಿನದು. ಗ್ರಹಣ ಪ್ರತಿ ಸಲವೂ ಹಿಂದಿನದಕ್ಕಿಂತ ಮೂರು ಗಂಟೆಗಳಷ್ಟು ಬೇಗ ಬರುವುದರಿಂದ, ನಡುರಾತ್ರಿ ಕಂಡುದು ಮೂರನೆಯ ರಾತ್ರಿ ಒಂಬತ್ತು ಗಂಟೆಯ ಸುಮಾರಿಗೆ ಕಾಣುವುದು. ಆ ಹೊತ್ತಿಗೆ ಮನೆಯ ಹಿರಿಯರನ್ನೂ ಅಂಗಳಕ್ಕೆ ಕರೆದು ತೋರಿಸಬಹುದು.